ಕುಳ್ಳ ಟಗರಿನ ತಳಿ

ಬೇಗೂರಿನಲ್ಲಿ ನಮ್ಮ ಮನೆಯ ಹಿಂದೆ ಇನ್ನೂ ಬಯಲಿದ್ದಾಗ ನಾವು ಕುರಿ ಸಾಕುತ್ತಿದ್ದೆವು. ಕೆರೆಯಂಚಿನ ಒದ್ದೆ ಹುಲ್ಲು ಮೇಯ್ದ ಕುರಿಗಳಿಗೆ ಮಳೆಗಾಲ ಬಂತೆಂದರೆ ಹೊಟ್ಟೆಯಲ್ಲಿ ಜಂತುಹುಳು. ಹುಳು ರಕ್ತ ಹೀರುತ್ತದೆ, ಗದ್ದದ ಕೆಳಗೆ ನೀರು ತುಂಬಿಕೊಳ್ಳುತ್ತದೆ, ಮಲಗಿದ ಕುರಿ ಮತ್ತೆ ಏಳುವುದಿಲ್ಲ. ನಮ್ಮ ಯಜಮಾನರು ಇಡೀ ಮಂದೆಗೆ ಔಷಧಿ ಕುಡಿಸುತ್ತಿದ್ದರು. ಬರುಬರುತ್ತಾ ಔಷಧಿಗೂ ಹುಳು ಜಗ್ಗದಾಯಿತು. ಮರಿ ಮಾರಿ ಬಂದದ್ದು ಔಷಧಿ ಅಂಗಡಿಗೇ ಸರಿಹೋಗುತ್ತಿತ್ತು.

ಒಮ್ಮೆ ದನದ ಡಾಕ್ಟರು ಕುರಿಯ ಕೆಳರೆಪ್ಪೆ ಎಳೆದು ತೋರಿಸಿದರು. "ಒಳಗೆ ಬೆಳ್ಳಗಿದ್ರೆ ಮಾತ್ರ ಔಷಧಿ ಹಾಕಿಯಮ್ಮ. ಯಾವಾಗ್ಲೂ ಕೆಂಪಗಿರೋದಕ್ಕೆ ಹುಳ ತಡ್ಕೊಳ್ಳೋ ಶಕ್ತಿ ಇರುತ್ತೆ. ಅಂಥದ್ದನ್ನೇ ತಳಿಗೆ ಇಟ್ಕೊಳ್ಳಿ."

ನಮ್ಮಲ್ಲಿ ಎಂಥ ಮಳೆಗೂ ಕಣ್ಣು ಬಿಳಿಚಿಕೊಳ್ಳದಿದ್ದದ್ದು ಒಂದು ಕುಳ್ಳ ಟಗರು. ಇದನ್ನೇ ಉಳಿಸೋಣ ಎಂದೆ. ಯಜಮಾನರು ನಕ್ಕುಬಿಟ್ಟರು.

"ಲೇ, ಇದರ ಮರೀನ ಯಾವನ್ ತಗೋತಾನೆ? ಬಕ್ರೀದ್‌ಗೆ ಬರೋರು ಎತ್ತರ ನೋಡ್ತಾರೆ, ಕಣ್ಣು ಬಿಡಿಸಿ ನೋಡ್ತಾರಾ?"

"ಎತ್ತರದ್ದು ಔಷಧಿ ಕುಡ್ಕೊಂಡೇ ಅಷ್ಟೆತ್ತರ ಆಗಿರೋದು. ಆ ಖರ್ಚು ಕಳೆದು ನೋಡಿ!"

ನನ್ನ ಹಟ ಅವರಿಗೆ ಗೊತ್ತಿತ್ತು. ಎತ್ತರದ ಟಗರು ಮಾರಿದೆವು, ಕುಳ್ಳ ಉಳಿಯಿತು. ಅದರ ಮರಿಗಳು ಒಂದು ಮಳೆಗಾಲ ಕಾಣುವ ಮೊದಲೇ ಯಜಮಾನರು ತೀರಿಕೊಂಡರು. ಗೆದ್ದವರು ಯಾರೆಂದು ತೀರ್ಮಾನವಾಗದೆಯೇ ಹೋಗಿಬಿಟ್ಟರಲ್ಲ ಎಂದು ಅಳುವಿನ ನಡುವೆಯೂ ಸಿಟ್ಟು ಬಂದಿತ್ತು.

ತಳಿ ಬದಲಾಗಲು ವರ್ಷಗಳು ಬೇಕು; ಬಯಲು ಬದಲಾಗಲು ಬೇಕಿರಲಿಲ್ಲ. ನನ್ನ ಮಂದೆಗೆ ಔಷಧಿಯ ಅಗತ್ಯವೇ ಹೆಚ್ಚುಕಡಿಮೆ ತಪ್ಪಿತು ಎನ್ನುವಷ್ಟರಲ್ಲಿ ಸುತ್ತ ಕಾಂಪೌಂಡು ಎದ್ದವು, ಹುಲ್ಲು ಮಾಯವಾಯಿತು, ಮೇಯುವ ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸುಗಳು ನಿಂತವು. ಮಾರದೆ ವಿಧಿಯಿರಲಿಲ್ಲ. ಬಂದವರೆಲ್ಲ ಮಾಂಸದ ಲೆಕ್ಕವನ್ನೇ ಹಾಕಿದರು. ಕೊನೆಗೆ ಸಾಕುತ್ತೇನೆಂದ ತುಮಕೂರು ಕಡೆಯ ಒಬ್ಬನಿಗೆ ಕಡಿಮೆಗೇ ಕೊಟ್ಟೆ. "ಕುಳ್ಳನ ತಳಿ ಮಾತ್ರ ಬಿಡಬೇಡ," ಎಂದು ಮಾತು ತೆಗೆದುಕೊಂಡೆ.

ಆಮೇಲೆ ಮನೆ ಬಿಕೋ ಎನ್ನತೊಡಗಿತು. ಇಡೀ ದಿನ ಯಾರನ್ನೂ ಬೈಯದೆ ಸಂಜೆಯಾಗುತ್ತಿತ್ತು. ಎದುರಿನ ಅಪಾರ್ಟ್‌ಮೆಂಟಿನವರು ನೋಡಿ ನಗುತ್ತಿದ್ದರು, ಮಾತಾಡುತ್ತಿರಲಿಲ್ಲ. ಕುರಿಯಾದರೂ ತಿರುಗಿ ಅರಚುತ್ತಿತ್ತು.

ಜೋರು ಮಳೆಯಾದ ಒಂದು ವರ್ಷ ಆ ತುಮಕೂರು ಕಡೆಯವನ ಫೋನು ಬಂತು.

"ಅಕ್ಕಾ, ಊರೋರ ಕುರಿಗಳೆಲ್ಲಾ ಹುಳ ಬಿದ್ದು ಹೋದ್ವು. ನಮ್ಮವು ಗಟ್ಟಿಯಾಗವೆ. ಈಗ ಎಲ್ರೂ ಕುಳ್ಳನ ತಳಿ ಮರೀನೇ ಕೇಳ್ತಾವ್ರೆ. ಎತ್ತರದ್ದಕ್ಕಿಂತ ಜಾಸ್ತಿ ಕೊಡ್ತಾರಂತೆ!"

ನಾನು ಯಜಮಾನರು ಕೂರುತ್ತಿದ್ದ ಜಗಲಿಯ ಕಡೆ ತಿರುಗಿ, "ನೋಡಿದ್ರಾ? ನಾನು ಹೇಳ್ಲಿಲ್ವಾ?" ಎಂದೆ.

"ಯಾರ್ ಜೊತೆ ಮಾತಾಡ್ತಿದೀರಕ್ಕಾ?" ಎಂದ ಅವನು.

"ಇಲ್ಲಿ ಯಾರೂ ಇಲ್ಲಪ್ಪ," ಎಂದೆ. "ನೀನು ಹೇಳು. ಇನ್ನೂ ಸ್ವಲ್ಪ ಹೊತ್ತು ಮಾತಾಡು."