‘ಇರ್ಲಿ’ ಎಂದರೆ ಎಂತ?

ಸರಿಯಾಗಿ ನಡೆಯುತ್ತಿರುವ ಗಡಿಯಾರವನ್ನೂ ಒಮ್ಮೆ ಬಿಚ್ಚಿ ನೋಡದಿದ್ದರೆ ನನಗೆ ಕೈ ತುರಿಸುತ್ತದೆ. ಹಾಗಿರುವಾಗ ನಮ್ಮ ಕಂಪ್ಯೂಟರನ್ನು ನಡೆಸುವ ಲಿನಕ್ಸು ತಂತ್ರಾಂಶ ‘ಹೊಸ ಆವೃತ್ತಿ ಬಂದಿದೆ, ಹಾಕಲೇ?’ ಎಂದು ತಾನಾಗಿಯೇ ಕೇಳಿದರೆ ಬಿಡುವುದುಂಟೇ?

ಆದರೆ ಹೆಂಡತಿ ಸುಮಾ ಅದೇ ಕಂಪ್ಯೂಟರಿನಲ್ಲಿ ಪುತ್ತೂರಿನವರ ಆಮಂತ್ರಣ ಪತ್ರಿಕೆಗಳನ್ನು ಟೈಪು ಮಾಡಿಕೊಡುವವಳು. ಅಂದು ಅವಳ ತಂಗಿಯದೇ ಕೆಲಸ, ಬೆಳ್ಳಾರೆಯಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶ. ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ತಲುಪದಿದ್ದರೆ ಹಂಚಲು ಕಾಗದವೇ ಸಿಗುವುದಿಲ್ಲ.

“ಇವತ್ತೊಂದು ದಿನ ಅದನ್ನು ಮುಟ್ಬೇಡಿ ಮಾರಾಯ್ರೆ,” ಎಂದಳು.

“ಇದಕ್ಕೆ ಮನೆ ಖಾಲಿ ಮಾಡ್ಲಿಕ್ಕೆ ಇಲ್ಲ ಮಾರಾಯ್ತಿ. ನಾವು ಒಳಗೆ ಕೂತಿರುವಾಗಲೇ ಮಾಡಿನ ಹಂಚು ಬದಲಾಯಿಸಿದ ಹಾಗೆ. ಒಂದು ಚಹಾ ಕುಡಿಯುವಷ್ಟರಲ್ಲಿ ಆಗ್ತದೆ,” ಎಂದು ಗುಂಡಿ ಒತ್ತಿಯೇಬಿಟ್ಟೆ.

ಚಹಾ ಮುಗಿಯಿತು, ಅವಲಕ್ಕಿ ಮುಗಿಯಿತು, ಅದು ಮುಗಿಯಲಿಲ್ಲ. ನಾನು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದೆ. ನನ್ನ ಸ್ನಾನವೂ ಬೇಗ ಮುಗಿಯುವಂಥದ್ದಲ್ಲ. ಬಾಗಿಲಾಚೆಯಿಂದ ಸುಮಾ ಕೂಗಿದಳು: “ಇದು ಎಂತದೋ ಕೇಳ್ತಾ ಉಂಟು! ಕೀಬೋರ್ಡಿನ ಫೈಲು ನೀವು ತಿದ್ದಿದ್ದೀರಂತೆ. ಹಳತು ಇಡುದಾ, ಹೊಸತು ಹಾಕುದಾ?”

ತಲೆಗೆ ನೀರು ಸುರಿದುಕೊಳ್ಳುತ್ತಾ “ಇರ್ಲಿ, ಇರ್ಲಿ!” ಎಂದೆ.

ವ್ಯಾಕರಣದವರು ಈ ‘ಇರಲಿ’ಯನ್ನು ವಿಧ್ಯರ್ಥ ಎಂದು ಹೇಳಿ ಕೈತೊಳೆದುಕೊಂಡಿದ್ದಾರೆ. ಅವರು ನಮ್ಮೂರಿನ ಊಟಕ್ಕೆ ಬರಬೇಕಿತ್ತು. ಪಾಯಸ ಬಂದಾಗ ‘ಇರ್ಲಿ’ ಎಂದರೆ ಸಾಕು ಎಂದರ್ಥ; ಅಡ್ಡ ಹಿಡಿದ ಕೈ ತುಸು ಸರಿದರೆ ಇನ್ನೊಂದು ಸೌಟು ಬರಲಿ ಎಂದರ್ಥ. ಕಾಲು ತುಳಿದವನಿಗೆ ‘ಇರ್ಲಿ’ ಎಂದರೆ ಕ್ಷಮಿಸಿದೆ ಎಂದು, ‘ಇರ್ಲಿ, ನೋಡ್ಕೊಳ್ತೇನೆ’ ಎಂದರೆ ಕ್ಷಮಿಸಲಿಲ್ಲ ಎಂದು. ನಾನು ಹೇಳಿದ್ದು ಹಳತು ಇರಲಿ ಎಂದು. ಸುಮಾಳಿಗೆ ಕೇಳಿಸಿದ್ದು ಹೊಸತು ಇರಲಿ ಎಂದು.

ಆ ಹಳೆಯ ಫೈಲಿನಲ್ಲಿದ್ದದ್ದು ನಮ್ಮ ಮಾನ. ಗೃ, ಶ, ಳ ಮೂಡಿಸಲು ಒತ್ತಬೇಕಾದ ಶಿಫ್ಟ್ ಕೀಲಿಗಳು ನಮ್ಮ ಕೀಬೋರ್ಡಿನಲ್ಲಿ ಯಾವಾಗಲೋ ಸತ್ತಿವೆ. ಅವುಗಳ ಕೆಲಸವನ್ನು ಯಾರಿಗೂ ಬೇಡದ ಇನ್ನೊಂದು ಕೀಲಿಗೆ ವಹಿಸಿಕೊಟ್ಟದ್ದೇ ಆ ಫೈಲು. ಅದು ಹೋದದ್ದೇ ತಡ, ಗೃ ಹೋಗಿ ಗ್ರ ಆಯಿತು, ಶ ಹೋಗಿ ಸ, ಳ ಹೋಗಿ ಲ. ಯಂತ್ರ ಮತ್ತೆ ಚಾಲೂ ಆದ ಕೂಡಲೇ ಸುಮಾ ಗಡಿಬಿಡಿಯಲ್ಲಿ ಟೈಪು ಮಾಡಿ, ಪರದೆಯನ್ನು ಸರಿಯಾಗಿ ನೋಡದೆ ತಂಗಿಗೆ ಕಳಿಸಿಬಿಟ್ಟಳು. ನಾನು ತಲೆ ಒರೆಸಿಕೊಂಡು ಬರುವಾಗ ತಂಗಿಯ ಫೋನು ಬಂದಿತ್ತು.

“ಅಕ್ಕಾ, ‘ಬೆಲ್ಲಾರೆಯಲ್ಲಿ ಗ್ರಹಪ್ರವೇಸ’ ಅಂತ ಉಂಟಲ್ಲ! ಯಾವ ಗ್ರಹ ಬರುದು, ಶನಿಯಾ?”

“ಶನಿ ಇಲ್ಲಿಯೇ ಉಂಟು. ಈಗಷ್ಟೇ ಸ್ನಾನ ಮಾಡಿ ಬಂತು,” ಎಂದಳು ಸುಮಾ.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಪುಣ್ಯಕ್ಕೆ ಯಂತ್ರ ಹಳೆಯ ಫೈಲನ್ನು ಬಿಸಾಡದೆ ಪಕ್ಕದಲ್ಲೇ ಎತ್ತಿಟ್ಟಿತ್ತು. ಅದನ್ನು ಮೊದಲಿನ ಜಾಗದಲ್ಲಿ ಕೂರಿಸಿದೆ. ಶ, ಳ ಎಲ್ಲ ಮನೆಗೆ ಮರಳಿದವು. ತಿದ್ದಿದ ಕಾಗದ ಊಟಕ್ಕೆ ಮೊದಲೇ ಪ್ರೆಸ್ಸು ಸೇರಿತು.

ಊಟಕ್ಕೆ ಕೂತಾಗ ಸುಮಾಳನ್ನು ಮೆಲ್ಲಗೆ ಕೇಳಿದೆ: “ಈ ಗಂಡನನ್ನು ಎಂತ ಮಾಡುದು? ಹಳತು ಇಡುದಾ, ಹೊಸತು ಹಾಕುದಾ?”

ಸಾರು ಬಡಿಸುತ್ತಾ ಅವಳು “ಇರ್ಲಿ” ಎಂದಳು.

ಯಾವ ಇರ್ಲಿ ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. ಆದರೆ ಕೇಳದೆಯೇ ಬಟ್ಟಲಿಗೆ ಇನ್ನೊಂದು ಸೌಟು ಬಿತ್ತು. ನಾನು ಕೈ ಅಡ್ಡ ಹಿಡಿಯಲಿಲ್ಲ.