ವಂಡ್ಸೆಯ ಗೋಡೆಯ ಮೇಲಿನ ಪಟ

ಒಬ್ಬರಂತೆ ಏಳು ಜನ ಇರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಮೂರು ವರ್ಷಗಳ ಹಿಂದಿನ ಒಂದು ದಿನದ ನಂತರ ನಗುವುದನ್ನು ನಿಲ್ಲಿಸಿದ್ದೇನೆ. ನಂಬಿದ್ದೇನೆ ಎಂದಲ್ಲ. ಏನನ್ನು ನಂಬಬೇಕು ಎಂಬುದೇ ತಿಳಿದಿಲ್ಲ.

ಹೆಮ್ಮಾಡಿಯ ಮೀನು ಮಾರುಕಟ್ಟೆಗೆ ಐಸ್ ಕೊಡುವುದು ನನ್ನ ಕೆಲಸ. ಅಲ್ಲಿನವರೊಬ್ಬರು ತೀರಿಕೊಂಡರೆ ಮೀನು ಮಾರುವ ಹೆಂಗಸರು ಆ ದಿನ ಬುಟ್ಟಿ ಮುಚ್ಚಿ ವ್ಯಾಪಾರ ನಿಲ್ಲಿಸಿಬಿಡುತ್ತಾರೆ. ಅಂದು ಬೆಳಿಗ್ಗೆ ಐಸ್ ಗಾಡಿ ನಿಲ್ಲಿಸಿ ಇಳಿದರೆ ಬುಟ್ಟಿಗಳೆಲ್ಲ ಮುಚ್ಚಿದ್ದವು. ಮೀನು ಮಾರುವ ಸುಶೀಲಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹ್ವಾಯ್, ನೀವ್ ತೀರ್ಕಂಡ್ರ್ ಅಂದೇಳಿ ನಿಮ್ಮನಿಗ್ ಹೋಪುಕೆ ಎಲ್ಲ ತಯಾರ್. ಬದ್ಕಿದ್ರೆ ಒಂದ್ ಫೋನಾರೂ ಮಾಡುಕ್ ಆಗ್ದಾ?"

ಅವಳ ಮೊಬೈಲಿನಲ್ಲಿ ಶ್ರದ್ಧಾಂಜಲಿಯ ಪಟವಿತ್ತು. ಹೆಸರು ಬೇರೆ, ಊರು ವಂಡ್ಸೆ. ಮುಖ ಮಾತ್ರ ನನ್ನದು. ಹಿಂದೆ ಐಸ್ ಕೊಕ್ಕೆ ತಾಗಿ ನನ್ನ ಎಡಹುಬ್ಬು ಸೀಳಿದ್ದ ಗುರುತು ಕೂಡ ಅಲ್ಲಿತ್ತು. ಆ ಪಟ ತೆಗೆಸಿಕೊಂಡ ನೆನಪು ನನಗಿಲ್ಲ. ಆ ಚೌಕಳಿ ಅಂಗಿ ನನ್ನದಲ್ಲ.

ಹೆಸರು ಓದಬಾರದೇ ಎಂದು ರೇಗಿದೆ.

"ಹೆಸ್ರ್ ತಪ್ಪ್ ಬರೂದ್ ನಮ್ಮೂರಗೆ ಹೊಸ್ತಾ? ಪಟ ತಪ್ಪತ್ತಾ?" ಎಂದಳು.

ಬೈಂದೂರಿನ ತವರಿಗೆ ಹೋಗಿದ್ದ ಹೆಂಡತಿ ಆ ಪಟ ನೋಡಿ ಫೋನಿನಲ್ಲಿ ಅತ್ತಳು. ನನ್ನ ದನಿ ಕೇಳಿದ ಮೇಲೆ ಬೈದಳು. ಮಧ್ಯಾಹ್ನದವರೆಗೆ ನಾನು ಮಾಡಿದ ಕೆಲಸ ಒಂದೇ, ಬದುಕಿದ್ದೇನೆ ಎಂದು ಹೇಳುವುದು. ಮಾರುಕಟ್ಟೆಯ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಸಂದೇಶಗಳನ್ನೂ ಓದಿದೆ. ಎಲ್ಲದರಲ್ಲೂ 'ಓಂ ಶಾಂತಿ' ಮಾತ್ರ. ಐವತ್ತನಾಲ್ಕು ವರ್ಷ ಬದುಕಿದ ನನ್ನ ಬಗ್ಗೆ ಮೂರನೆಯ ಪದ ಯಾರಿಗೂ ಹೊಳೆದಿರಲಿಲ್ಲ.

ತಲೆ ಕೆಟ್ಟು, ಪಟ ಅಳಿಸಿ ಹಾಕಿಸಲೆಂದು ಬೈಕ್ ಹತ್ತಿ ವಂಡ್ಸೆಗೆ ಹೋದೆ. ನನ್ನನ್ನು ಕಂಡರೆ ಆ ಮನೆಯವರು ಹೆದರಿಯಾರು ಎಂದು ದಾರಿಯುದ್ದಕ್ಕೂ ಅಳುಕಿತ್ತು. ಯಾರೂ ಹೆದರಲಿಲ್ಲ. ತಿರುಗಿಯೂ ನೋಡಲಿಲ್ಲ. ದಹನ ಮುಗಿಸಿ ಬಂದು ಅಂಗಳದಲ್ಲಿ ಕುಳಿತವರು ಸತ್ತವನ ಮಾತಾಡುತ್ತಿದ್ದರು. ಸುತ್ತಲಿನ ಬಾವಿಗಳಿಗೆ ಇಳಿದು ಹೂಳೆತ್ತುತ್ತಿದ್ದನಂತೆ. "ಇನ್ ನಮ್ಮ್ ಬಾವಿಗ್ ಇಳುಕೆ ಯಾರಿದ್ರ್?" ಎಂದು ಒಬ್ಬ ಮುದುಕ ಕೇಳಿದ. ನನಗೆ ಹೊಟ್ಟೆಕಿಚ್ಚಾಯಿತು. ಹೇಳಲು ನಾಚಿಕೆಯಾದರೂ ನಿಜ.

ಒಳಗೆ ಗೋಡೆಯ ಮೇಲೆ ಅದೇ ಪಟಕ್ಕೆ ಮಾಲೆ ಹಾಕಿದ್ದರು. ಅವನ ಹೆಂಡತಿ ಕೆಳಗೆ ಕುಳಿತಿದ್ದಳು. ನಿಮ್ಮ ಗಂಡ ನನ್ನಂತೆಯೇ ಇದ್ದರಂತೆ ಎಂದೆ. ಅವಳು ನನ್ನ ಮುಖವನ್ನು ಸಾವಕಾಶವಾಗಿ ನೋಡಿದಳು.

"ನೀವ್ ಅವ್ರ್ ಹಾಂಗ್ ಒಂಚೂರೂ ಇಲ್ಲೆ. ಯಾರ್ ಹೇಳಿದ್ ನಿಮ್ಗೆ?"

"ಈ ಹುಬ್ಬಿನ ಗಾಯ?"

"ಅವ್ರಿಗ್ ಹಾಂಗಿದ್ದ್ ಗಾಯ ಆದ್ದೇ ಇಲ್ಲೆ."

ಅವಳ ತಲೆಯ ಮೇಲಿದ್ದ ಪಟದತ್ತ ಬೆರಳು ತೋರಿಸಿದೆ. ಗಾಯದ ಗುರುತು ಅಲ್ಲಿಯೇ ಇತ್ತು, ಎಡಹುಬ್ಬಿನ ಮೇಲೆ. ಅವಳು ಎದ್ದು ನಿಂತು ಹತ್ತಿರದಿಂದ ನೋಡಿದಳು.

"ಎಲ್ಲಿತ್ತ್?" ಎಂದು ಕೇಳಿದಳು.

ಗಂಡ ಸತ್ತ ಹೆಂಗಸಿನ ಜತೆ ವಾದಿಸುವುದು ಹೇಗೆ? ಪಟ ಅಳಿಸಿ ಎನ್ನಲೂ ಬಾಯಿ ಬರಲಿಲ್ಲ. ಕೈಮುಗಿದು ಹೊರಟೆ.

ಸಂಜೆ ನನ್ನ ಹೆಂಡತಿ ಬೈಂದೂರಿನಿಂದ ಬಂದಳು. ಮೊಬೈಲನ್ನು ನನ್ನ ಮುಖದ ಪಕ್ಕದಲ್ಲಿ ಹಿಡಿದು, ಸರಿಯಾಗಿ ನೋಡಿ ಹೇಳು ಎಂದೆ.

"ಇದ್ ನೀವೇ ಮರಾಯ್ರೆ. ಗಾಯ ಕಾಣ್ತಿಲ್ಯಾ?" ಎಂದಳು. ಮತ್ತೊಮ್ಮೆ ಪಟ ನೋಡಿ, "ಆರೆ ನೀವ್ ಹಿಂಗ್ ನೆಗಾಡುದ್ ನಾ ಕಂಡಿರ್ಲಿಲ್ಲೆ" ಎಂದಳು.

ಇಪ್ಪತ್ತೇಳು ವರ್ಷ ಜತೆಗಿದ್ದ ನನ್ನ ಹೆಂಡತಿಗೆ ನನ್ನ ಮುಖ ಗೊತ್ತಿಲ್ಲ. ಇಲ್ಲವೇ ವಂಡ್ಸೆಯ ಆ ಹೆಂಗಸಿಗೆ ತನ್ನ ಗಂಡನ ಮುಖ ಗೊತ್ತಿಲ್ಲ. ಎರಡರಲ್ಲಿ ಒಂದನ್ನು ಒಪ್ಪಲೇಬೇಕು. ಮೂರು ವರ್ಷಗಳಿಂದ ನನಗೆ ಎರಡನ್ನೂ ಒಪ್ಪಲಾಗಿಲ್ಲ.