ಅತ್ತೆಯ ಅಳತೆಯ ಮನೆ

ನಮ್ಮ ಸೋದರಮಾವ ಗಾರೆ ಮೇಸ್ತ್ರಿ. ಬಾಯಿ ಜೋರು, ಕೈಕೆಲಸ ಅದಕ್ಕಿಂತ ಜೋರು. ನಮ್ಮ ಬೀದಿಯ ಅರ್ಧ ಮನೆಗಳನ್ನು ಕಟ್ಟಿದವರು ಅವರೇ. ಈಚೆಗೆ ಮಳೆ ತನ್ನ ಹಳೆಯ ನಡತೆ ಬಿಟ್ಟಿದೆ. ತಿಂಗಳಿಡೀ ಬರಬೇಕಾದದ್ದು ಒಂದೇ ಮಧ್ಯಾಹ್ನ ಸುರಿದು, ಚರಂಡಿ ಉಕ್ಕಿಸಿ, ಮನೆಗೆ ನುಗ್ಗುತ್ತದೆ. ಹೋದ ವರ್ಷ ನೀರು ಮಂಚ ಮುಟ್ಟಿದಾಗ, ಮಂಡಿನೋವಿನ ಅತ್ತೆಯನ್ನು ಮಾವ ಬೆನ್ನ ಮೇಲೆ ಹೊತ್ತು ಹೊರಗೆ ತಂದರು. ಬೀದಿಯವರೆಲ್ಲ ನೋಡಿದರು. ಅತ್ತೆಗೆ ನಾಚಿಕೆಯಿಂದ ಜೀವ ಹೋದಂತಾಯಿತು.

“ಇನ್ನೊಂದ್ಸಲ ನನ್ನ ಮೂಟೆ ಥರ ಹೊತ್ರೆ ನೋಡಿ! ಮುಳುಗಿದ್ರೂ ಸರಿ, ನಾನು ಮಂಚ ಬಿಟ್ಟು ಏಳಲ್ಲ,” ಎಂದರು.

ಅತ್ತೆ ಹಟಕ್ಕೆ ಬಿದ್ದರೆ ಮುಗಿಯಿತು. ಮಗಳ ಮಹಡಿಮನೆಗೆ ಹೋಗಿ ಎಂದು ನಾವೆಲ್ಲ ಪುಕ್ಕಟೆ ಸಲಹೆ ಕೊಟ್ಟೆವು. ಮೆಟ್ಟಿಲು ಹತ್ತಲಾರದವರಿಗೆ ಮಹಡಿ! ನಮ್ಮ ಬುದ್ಧಿಯೇ ಅಷ್ಟು.

ಮಾವ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. “ಹಳೇ ಮಳೆ ನೋಡಿ ಕಟ್ಟಿದ ಮನೆ ಇದು. ಮಳೆ ಬದಲಾಯ್ತು, ಮನೇನೂ ಬದಲಾಗ್ಲಿ,” ಎಂದು ಮಣ್ಣು, ಜಲ್ಲಿ ತುಂಬಿಸಿ ಇಡೀ ನೆಲವನ್ನು ಮಂಚದೆತ್ತರಕ್ಕೆ ಏರಿಸಿದರು. ಮೆಟ್ಟಿಲ ಬದಲು ಅಂಗಳದುದ್ದಕ್ಕೂ ಇಳಿಜಾರು, ಪಕ್ಕದಲ್ಲಿ ಹಿಡಿಯಲು ಕಂಬಿ. ಅಂಗಳದಲ್ಲಿ ನಿಲ್ಲುತ್ತಿದ್ದ ಮಾವನ ಸ್ಕೂಟರ್ ಬೀದಿಪಾಲಾಯಿತು. ಒಂದೇ ಎಡವಟ್ಟು: ಬಾಗಿಲ ಚೌಕಟ್ಟು ಎತ್ತರಿಸುವುದನ್ನೇ ಮರೆತಿದ್ದರು. ಅಳತೆಯನ್ನೆಲ್ಲ ಹಿಡಿದದ್ದು ಬಾಗಿದ ಬೆನ್ನಿನ ಅತ್ತೆಯನ್ನು ನಿಲ್ಲಿಸಿಕೊಂಡು! ಅವರು ಸಲೀಸಾಗಿ ಓಡಾಡಿದರು, ಮಾವನೂ ಸೇರಿ ಉಳಿದವರೆಲ್ಲ ಚೌಕಟ್ಟಿಗೆ ಹಣೆ ಚಚ್ಚಿಕೊಂಡೆವು. ಇಷ್ಟು ವರ್ಷದ ಮೇಸ್ತ್ರಿಗೆ ಇದು ಹೊಳೆಯಲಿಲ್ಲವೇ ಎಂದು ಬೀದಿಯೇ ನಕ್ಕಿತು. ನಾನೂ ನಕ್ಕೆ.

ಈ ವರ್ಷದ ದೊಡ್ಡ ಮಳೆ ಬಂದಾಗ ಮಾವ ಊರಾಚೆಯ ಕೆಲಸದಲ್ಲಿದ್ದರು. ಅತ್ತೆ ಒಬ್ಬರೇ. ನಾನು ಸೊಂಟಮಟ್ಟದ ನೀರಲ್ಲಿ ಬಿದ್ದೆದ್ದು ಓಡಿದೆ. ಇಳಿಜಾರಿನ ಬಹುಪಾಲು ಮುಳುಗಿತ್ತು, ಮನೆಯೊಳಗೆ ಒಂದು ತೊಟ್ಟು ನೀರಿಲ್ಲ. ಅತ್ತೆ ಕಂಬಿ ಹಿಡಿದು ನಿಂತು, ಪಕ್ಕದ ಮನೆಯ ಅಜ್ಜಿಯನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದರು. ಒಳಗೆ ಆಗಲೇ ಬೀದಿಯ ಅರ್ಧ ಜನ. ಆ ಮನೆಯನ್ನು ನೋಡಿ ನಕ್ಕಿದ್ದವರೇ.

ಮಳೆ ನಿಂತ ಮೇಲೆ ಮಾವ ಬಂದರು. ಮೈಯೆಲ್ಲ ಕೆಸರು, ಮುಖದಲ್ಲಿ ರಕ್ತವಿಲ್ಲ. ಬಾಗಿಲಲ್ಲಿ ಹೆಂಡತಿಯನ್ನು ಕಂಡವರೇ ನೀರಲ್ಲೇ ನಿಂತುಬಿಟ್ಟರು. ಅತ್ತೆ ಕಂಬಿ ಹಿಡಿದು ಎರಡು ಹೆಜ್ಜೆ ಇಳಿದು ಕೈಚಾಚಿದರು.

“ಏನ್ ನೋಡ್ತಾ ನಿಂತ್ರಿ? ಬನ್ನಿ, ನಾನು ಹಿಡ್ಕೋತೀನಿ.”

ಬಾಯಿಜೋರಿನ ನಮ್ಮ ಮಾವ ಆ ಕೈ ಹಿಡಿದು, ಬೀದಿಯವರೆಲ್ಲರ ಎದುರಿಗೇ ಗಳಗಳನೆ ಅತ್ತರು.